ಹೊಳೆ ದಾಟುವ ಕೆಮ್ಮು

ನಮ್ಮ ಊರಲ್ಲಿ ಯಾರಾದರೂ ಎದುರಾದರೆ ಮೊದಲು ಕೇಳುವುದು ಊಟವಾಯಿತೇ ಎಂದಲ್ಲ, ಕೆಮ್ಮು ಹೇಗಿದೆ ಎಂದು. ಚಿಕ್ಕವರು ಕಾಲಿಗೆ ಬಿದ್ದರೆ ಹಿರಿಯರು ತಲೆಯ ಮೇಲೆ ಕೈಯಿಟ್ಟು, ನಿನ್ನ ಕೆಮ್ಮು ಹೊಳೆ ದಾಟಲಿ ಎಂದು ಹರಸುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ. ಅಜ್ಜನನ್ನು ಕರೆಸಿ ಸ್ವಲ್ಪ ಕೆಮ್ಮಿ ತೋರಿಸಿ ಅನ್ನುತ್ತಾರೆ. ಅಜ್ಜನ ಕೆಮ್ಮಿಗೆ ಪಡಸಾಲೆಯ ಗೂಡಿನಲ್ಲಿಟ್ಟ ಹಿತ್ತಾಳೆ ತಾಟು ಝಣ್ ಎಂದರೆ ಅರ್ಧ ಮದುವೆ ಆದ ಹಾಗೆ. ಒಮ್ಮೆ ಹೊರಗಿನಿಂದ ಔಷಧಿ ಮಾರುವವನೊಬ್ಬ ಕೆಮ್ಮು ನಿಲ್ಲಿಸುವ ಕೆಂಪು ಬಾಟಲಿಗಳನ್ನು ತಂದಿದ್ದ. ಮೂರು ದಿನ ಕಟ್ಟೆಯ ಮೇಲೆ ಕೂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ಒಂದೂ ಮಾರದೆ ಹೊತ್ತುಕೊಂಡು ಹೋದ. ಹೋಗುವಾಗ ಅವನೇ ಕೆಮ್ಮುತ್ತಿದ್ದ. ಇನ್ನೂ ಎಳೆಯ ಕೆಮ್ಮು, ಉಪಯೋಗಕ್ಕಿಲ್ಲ ಎಂದು ನಮ್ಮ ಮುದುಕರು ತಲೆಯಾಡಿಸಿದರು.

ಊರಿನ ಮುಂದೆ ಹೊಳೆ, ಹೊಳೆಯ ಆಚೆ ಹತ್ತಿಯ ಹೊಲಗಳು. ಬೆಳಿಗ್ಗೆ ದೋಣಿಯಲ್ಲಿ ಹತ್ತಿ ಬಿಡಿಸಲು ಹೋದ ಹೆಂಗಸರು ಹೊತ್ತು ಇಳಿಯುವಾಗ ಮರಳುತ್ತಾರೆ. ಅಷ್ಟರಲ್ಲಿ ಹಾಲು ಇಳಿದಿರುತ್ತದೆ. ಮಂಜಿಗೆ ನಾವು ಹಾಲು ಎನ್ನುತ್ತೇವೆ. ಹಾಲಿನಲ್ಲಿ ಚಾಚಿದ ಕೈ ಮೊಣಕೈಯಿಂದ ಆಚೆ ಕಾಣುವುದಿಲ್ಲ. ದೀಪ ಹಿಡಿದರೆ ಬೆಳಕು ಎರಡು ಮಾರು ಹೋಗಿ ಕರಗುತ್ತದೆ. ಗಂಟೆ ಬಾರಿಸಿ ನೋಡಿದ್ದಾರೆ, ಕೂಗಿ ನೋಡಿದ್ದಾರೆ, ಹಲಗೆ ಬಡಿದು ನೋಡಿದ್ದಾರೆ. ಎಲ್ಲ ಸದ್ದೂ ನಾಲ್ಕು ಮಾರಿನಲ್ಲಿ ನೀರಿಗೆ ಬೀಳುತ್ತದೆ. ಅರವತ್ತು ದಾಟಿದವರ ಕೆಮ್ಮು ಮಾತ್ರ ಆಚೆ ದಡದವರೆಗೆ ಹೋಗುತ್ತದೆ. ಅರವತ್ತಕ್ಕೆ ಒಂದು ದಿನ ಕಡಿಮೆಯಿದ್ದರೂ ಹೋಗುವುದಿಲ್ಲ. ಯಾಕೆ ಎಂದು ಕೇಳಿದರೆ ನನ್ನ ಅವ್ವ ಹೇಳುತ್ತಿದ್ದಳು, ಉಪ್ಪು ಯಾಕೆ ಉಪ್ಪಾಗಿದೆ ಅಂತ ಕೇಳುತ್ತ ಕೂತರೆ ಸಾರು ತಣ್ಣಗಾಗುತ್ತದೆ ಎಂದು.

ಹಾಗಾಗಿ ಹಾಲು ಇಳಿಯುವ ಹೊತ್ತಿಗೆ ಮೂವರು ಹಿರಿಯರು ದಡದಲ್ಲಿ ಕೂತು ಕೆಮ್ಮುತ್ತಾರೆ. ಎಡಗಡೆ ಬಂಡೆಗಳಿವೆ, ಅಲ್ಲಿ ಮೋದಿನಸಾಬ. ಬಲಗಡೆ ಒಡ್ಡು, ನೀರು ಅದರ ಮೇಲಿಂದ ಎರಡಾಳು ಕೆಳಗೆ ಬೀಳುತ್ತದೆ, ಅಲ್ಲಿ ಪಾರವ್ವ. ನಡುವೆ ದೋಣಿ ಹತ್ತುವ ಮೆಟ್ಟಿಲು, ಅಲ್ಲಿ ನನ್ನ ಅಣ್ಣ ಅಂದಾನಪ್ಪ. ಹಾಲಿನೊಳಗೆ ಹೋದ ಮೇಲೆ ಯಾರ ಕೆಮ್ಮು ಯಾರದೆಂದು ತಿಳಿಯುವುದಿಲ್ಲ. ಗಟ್ಟಿ, ಸಣ್ಣ, ಇಷ್ಟೇ ತಿಳಿಯುವುದು. ನಡುವಿನ ಕೆಮ್ಮು ಎಲ್ಲಕ್ಕಿಂತ ಗಟ್ಟಿಯಾಗಿರಬೇಕು. ದೋಣಿಯವರು ಅದರತ್ತ ಮುಖ ಮಾಡಿ, ಸಣ್ಣ ಕೆಮ್ಮುಗಳನ್ನು ಎರಡು ಬದಿಗೆ ಬಿಟ್ಟುಕೊಂಡು ಬರುತ್ತಾರೆ. ದೋಣಿ ತಪ್ಪಿ ಒಡ್ಡಿನ ಹತ್ತಿರ ಬಂದು ಹುಟ್ಟಿನ ಸದ್ದು ಕಿವಿಗೆ ಬಿದ್ದರೆ ಪಾರವ್ವ ತಟ್ಟನೆ ಬಾಯಿ ಮುಚ್ಚಬೇಕು. ಬಲಗಡೆಯ ಕೆಮ್ಮು ನಿಂತಿತೆಂದರೆ ದಡದಲ್ಲಿದ್ದವರ ಎದೆ ಧಸಕ್ಕೆನ್ನುತ್ತದೆ. ಹಾಗಾಗಿದ್ದು ನನಗೆ ತಿಳಿದಂತೆ ಒಂದೇ ಸಲ, ಅದು ನನ್ನಿಂದ ಆಗಿದ್ದು.

ನಾನು ಶಾವಂತ್ರಿ. ಊರಿನ ಕೆಮ್ಮು ಅಳೆಯುವ ಹಲಗೆ ನನ್ನ ಕೈಯಲ್ಲಿತ್ತು, ನನಗಿಂತ ಮೊದಲು ಅವ್ವನ ಕೈಯಲ್ಲಿತ್ತು. ಒಂದು ಮಾರು ಉದ್ದದ ಬೇವಿನ ಹಲಗೆ, ಅದರ ಮೇಲೆ ಮೊಳೆಯಿಂದ ಗೀರಿದ ಹನ್ನೆರಡು ಗೆರೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಹಲಗೆಯ ಈ ತುದಿಯಲ್ಲಿ ಒಂದು ಚಿಟಿಕೆ ಹತ್ತಿ ಇಡುತ್ತೇನೆ, ಹೊಳೆಯ ನೀರು ಚಿಮುಕಿಸಿದ ಹತ್ತಿ. ಹಿರಿಯರು ಬಂದು ಮುಂದಕ್ಕೆ ಬಾಗಿ ಅದರ ಮೇಲೆ ಕೆಮ್ಮಬೇಕು. ಹತ್ತಿ ಏಳನೆಯ ಗೆರೆ ದಾಟಿದರೆ ಮೆಟ್ಟಿಲಿಗೆ ಸರಿ, ದಾಟದಿದ್ದರೆ ಕಟ್ಟೆಗೆ. ಕಟ್ಟೆಯ ಮೇಲೆ ಕೂತವರಿಗೆ ಬೆಲ್ಲದ ಚಹಾ ಸಿಗುತ್ತದೆ, ಮರ್ಯಾದೆ ಸಿಗುತ್ತದೆ, ಆದರೆ ಅವರು ಹೊಳೆಗೆ ಬೆನ್ನು ಮಾಡಿ ಕೂರುತ್ತಾರೆ. ಹಾಗೆಂದು ಯಾರೂ ಕಟ್ಟಳೆ ಮಾಡಿಲ್ಲ, ಅವರೇ ತಿರುಗಿ ಕೂರುತ್ತಾರೆ. ಅದನ್ನು ನೋಡಲಾಗದೆ ನಾನು ಆ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಅಣ್ಣ ಹದಿನಾರು ವರ್ಷ ನಡುವಿನ ಮೆಟ್ಟಿಲ ಮೇಲೆ ಕೂತವನು. ಎಪ್ಪತ್ತಾರಾದರೂ ಅವನ ಹತ್ತಿ ಹತ್ತನೆಯ ಗೆರೆಗೆ ಕಡಿಮೆ ನಿಂತದ್ದಿಲ್ಲ. ಹೆಂಡತಿ ಸತ್ತ ವರ್ಷವೂ ಒಂದು ದಿನ ಮೆಟ್ಟಿಲು ತಪ್ಪಿಸಲಿಲ್ಲ, ಯಾಕೆಂದರೆ ಆ ವರ್ಷವೇ ಅವನ ಮಗಳು ಕಸ್ತೂರಿ ಅವನ ದೋಣಿಯ ಹುಟ್ಟು ಹಿಡಿದಳು. ಅಣ್ಣ ಊರಿಗೆ ಕೆಮ್ಮುತ್ತಾನೆ ಎಂದು ಊರು ತಿಳಿದಿತ್ತು. ಅವನು ಕೆಮ್ಮುತ್ತಿದ್ದದ್ದು ಮಗಳಿಗೆ. ಅವಳ ದೋಣಿ ಮೆಟ್ಟಿಲಿಗೆ ತಾಗಿದ ಮೇಲೆ ಅವನ ಕೆಮ್ಮಿನಲ್ಲಿ ಒಂದು ತರಹದ ಸೋಮಾರಿತನ ಬರುತ್ತಿದ್ದುದನ್ನು ನಾನು ಬಲ್ಲೆ, ಅಳೆಯುವವಳು ನಾನಲ್ಲವೇ.

ಆ ಚಳಿಗಾಲದಲ್ಲಿ ಅಣ್ಣನಿಗೆ ಜ್ವರ ಬಂತು. ಇಪ್ಪತ್ತು ದಿನ ಮಲಗಿದ. ಜ್ವರ ಹೋದರೂ ಮಲಗಿದ ದಿನಗಳು ಹೋಗಲಿಲ್ಲ. ಕಾಲು ಸಣ್ಣಗಾದವು, ಪಕ್ಕೆಲುಬುಗಳ ನಡುವಿನ ಮಾಂಸ ಒಳಗೆ ಸರಿಯಿತು, ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರ ಮೇಲೆ ಕೂತು ಗಾಳಿಗಾಗಿ ಬಾಯಿ ತೆರೆಯುತ್ತಿದ್ದ. ಅಮಾವಾಸ್ಯೆಗೆ ಹಲಗೆಯ ಮುಂದೆ ಬಂದು ಕೂತ. ಕೆಮ್ಮಿದ. ಹತ್ತಿ ಮೆಲ್ಲಗೆ ಉರುಳಿ ಐದನೆಯ ಗೆರೆಯ ಮೇಲೆ ನಿಂತಿತು. ನಾವಿಬ್ಬರೂ ಅದನ್ನು ನೋಡುತ್ತ ಕೂತೆವು. ಅದು ಎದ್ದು ಇನ್ನೆರಡು ಗೆರೆ ನಡೆಯಬಹುದೇನೋ ಎಂಬಂತೆ ನಾನು ಕಾದೆ. ಅಣ್ಣ ತಲೆಯೆತ್ತಲಿಲ್ಲ.

“ಹತ್ತಿ ಭಾಳ ಹಸಿ ಐತಿ, ತಂಗಿ,” ಅಂದ.

ಹೌದು ಅಂದೆ. ನಾಳೆ ಮತ್ತೆ ನೋಡೋಣ ಅಂದೆ. ಅಷ್ಟೇ ನಾನು ಆಡಿದ ಸುಳ್ಳು, ಉಳಿದದ್ದೆಲ್ಲ ಕೈ ಮಾಡಿದ್ದು. ಮನೆಗೆ ಹೋಗಿ ಒಂದು ಹಿಡಿ ಹತ್ತಿಯನ್ನು ಬೀಜ ಬಿಡಿಸಿ, ಎಳೆ ಎಳೆಯಾಗಿ ಹಿಂಜಿ, ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿ ಬಿಸಿಲಿಗೆ ಹರವಿದೆ. ಸಂಜೆಗೆ ಅದು ಎಷ್ಟು ಹಗುರಾಗಿತ್ತೆಂದರೆ ನಾನು ನಿಟ್ಟುಸಿರು ಬಿಟ್ಟರೆ ಪಂಚೆಯ ತುದಿಗೆ ಓಡುತ್ತಿತ್ತು. ಮರುದಿನ ಅಣ್ಣನ ಕೆಮ್ಮಿಗೆ ಅದು ಎಂಟನೆಯ ಗೆರೆ ದಾಟಿತು. ನೋಡಿದೆಯಾ ಅಂದೆ. ಅಣ್ಣ ಹತ್ತಿಯನ್ನು ಎತ್ತಿ ಒಂದು ಗಳಿಗೆ ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟು, ಮೆಟ್ಟಿಲಿಗೆ ನಡೆದ.

ಸುಳ್ಳನ್ನು ನಿಜ ಮಾಡಲು ನಾನು ಹೆಣಗದೆ ಇರಲಿಲ್ಲ. ದಿನಾ ಬೆಳಿಗ್ಗೆ ಅಣ್ಣನನ್ನು ನೆಟ್ಟಗೆ ಕೂರಿಸಿ ಗಾಳಿ ಕುಡಿಸುತ್ತಿದ್ದೆ. ಒಂದು ಗುಟುಕು, ಬಿಡಬೇಡ, ಅದರ ಮೇಲೆ ಇನ್ನೊಂದು, ಬಿಡಬೇಡ, ಅದರ ಮೇಲೆ ಮೂರನೆಯದು, ಈಗ ಕೆಮ್ಮು. ಒಂದೇ ಸಲಕ್ಕೆ ಎದೆ ತುಂಬದವರು ಹೀಗೆ ಮೂರು ಗುಟುಕಿನಲ್ಲಿ ತುಂಬಿಕೊಳ್ಳಬಹುದೆಂದು ಅವ್ವ ಹೇಳಿಕೊಟ್ಟಿದ್ದಳು. ತಂಬಿಗೆಯಲ್ಲಿ ನೀರು ಹಾಕಿ ಪಪ್ಪಾಯಿಯ ದಂಟು ಅದ್ದಿ ಊದಿಸುತ್ತಿದ್ದೆ. ನೀರು ಗುಳುಗುಳು ಅನ್ನುವಾಗ ಅಣ್ಣ ಕೂಸಿನ ಹಾಗೆ ಕಣ್ಣರಳಿಸುತ್ತಿದ್ದ. ಹೊಳೆಯ ಮೆಟ್ಟಿಲನ್ನು ದಿನಕ್ಕೊಂದು ಹೆಚ್ಚಿಗೆ ಹತ್ತಿಸುತ್ತಿದ್ದೆ. ಗುಣ ಕಾಣಲಿಲ್ಲವೆಂದಲ್ಲ. ಎರಡು ತಿಂಗಳಿಗೆ, ಒಣಗಿದ ಹತ್ತಿಯ ಲಾಭ ಕಳೆದು ಲೆಕ್ಕ ಹಾಕಿದರೆ, ಐದು ಆರಾಗಿತ್ತು. ಆದರೆ ಆರು ಏಳಲ್ಲ. ಹಸಿ ಹತ್ತಿಗೆ ದಾಕ್ಷಿಣ್ಯವಿಲ್ಲ.

ಪಾರವ್ವನ ನಾಲಗೆ ಊರಿಗೇ ಗೊತ್ತಿದ್ದದ್ದು. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸಿಕ್ಕು, ಈಚೆಗೆ ನಿಮ್ಮ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವುದು ಜಾಸ್ತಿಯಾಗಿದೆಯಲ್ಲ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಕೇಳದಿದ್ದರೂ ನಾನು ಹತ್ತು ಕಾರಣ ಹೇಳಿದೆ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಸೀರೆ ಹಿಂಡಿಕೊಂಡು ಹೋದಳು. ಅದೇ ವಾರ ಕಸ್ತೂರಿ ಉಣ್ಣುತ್ತ ಕೂತಾಗ ಒಂದು ವಿಚಿತ್ರ ಮಾತು ಹೇಳಿದಳು. ಈ ವರ್ಷ ಹೊಳೆ ಅಗಲವಾಗಿದೆ ಅಂದಳು. ಮೊದಲು ನೂರು ಹುಟ್ಟಿಗೆ ದಡ ಸಿಗುತ್ತಿತ್ತು, ಈಗ ಬಲಕ್ಕೋ ಎಡಕ್ಕೋ ತಿಳಿಯದೆ ನಡುನೀರಿನಲ್ಲಿ ನಿಂತು ಕಿವಿಗೊಟ್ಟು ಕೇಳಬೇಕು, ಮೂರೂ ಕೆಮ್ಮು ದೂರ ದೂರದಿಂದ ಬಂದ ಹಾಗೆ ಇರುತ್ತವೆ ಅಂದಳು. ಅಣ್ಣ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಹೊಳೆ ಅಂದ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ ಎಂದು ನಾನು ಮತ್ತೊಂದು ರೊಟ್ಟಿ ಬಡಿಸಿದೆ. ನನಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಹೆದರಿಕೆ, ಅದನ್ನೂ ಒಲೆಯ ಹೊಗೆಯಲ್ಲಿ ಮುಚ್ಚಿಕೊಂಡೆ.

ಮೂರನೆಯ ಅಮಾವಾಸ್ಯೆಯಾಗಿ ನಾಲ್ಕು ದಿನವಾಗಿತ್ತು. ಅಂದು ಹಾಲು ಬೇಗ ಇಳಿಯಿತು. ಮಧ್ಯಾಹ್ನದ ಬಿಸಿಲು ಇನ್ನೂ ಗೋಡೆಗಳ ಮೇಲಿರುವಾಗಲೇ ಹೊಳೆಯ ಕಡೆಯಿಂದ ಮೆಟ್ಟಿಲು ಹತ್ತಿ ಬಂದು, ಬೀದಿಯಲ್ಲಿ ಕಟ್ಟಿದ ಎಮ್ಮೆಗಳ ಹೊಟ್ಟೆಯವರೆಗೆ ನಿಂತಿತು. ಎಮ್ಮೆಗಳು ಕಾಲಿಲ್ಲದೆ ತೇಲುತ್ತಿದ್ದವು. ದಡಕ್ಕೆ ಬರಬೇಕಾದದ್ದು ಕಸ್ತೂರಿಯ ದೋಣಿ ಒಂದೇ, ಅದರಲ್ಲಿ ಹನ್ನೊಂದು ಮಂದಿ ಹೆಂಗಸರು. ಮೋದಿನಸಾಬ ಬಂಡೆಯ ಮೇಲೆ ಕೂತು ಶುರು ಮಾಡಿದ್ದ. ಅಣ್ಣ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದ, ನಾನು ಹಿಂದೆ ಶುಂಠಿಯ ಕಷಾಯ ಹಿಡಿದು ನಿಂತಿದ್ದೆ. ಆಗ ಒಡ್ಡಿನ ಕಡೆಯಿಂದ ಪಾರವ್ವನ ಕೆಮ್ಮು ಕೇಳಿತು. ನಾನು ಬೆಚ್ಚಿಬಿದ್ದೆ. ಆ ತಿಂಗಳೆಲ್ಲ ಮೆತ್ತಗೆ, ಹೂ ಉದುರಿಸಿದ ಹಾಗೆ ಕೆಮ್ಮುತ್ತಿದ್ದವಳ ಕೆಮ್ಮು ಅಂದು ಒಡ್ಡಿನ ಕಲ್ಲಿಗೆ ಬಡಿದು ಬರುತ್ತಿತ್ತು. ಒಂದರ ಮೇಲೊಂದು, ತಡೆಯಲಾಗದೆ.

ಅವಳಿಗೆ ನಿಜವಾಗಿ ನೆಗಡಿಯಾಗಿತ್ತು. ಹಿಂದಿನ ದಿನ ಒದ್ದೆ ಸೀರೆಯಲ್ಲಿ ನಿಂತಿದ್ದಳು. ಅಷ್ಟು ದಿನ ಅವಳೂ ಮೋದಿನಸಾಬನೂ ಬೇಕೆಂದೇ ಕೆಮ್ಮನ್ನು ತಗ್ಗಿಸಿಕೊಂಡಿದ್ದರು ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ನನ್ನ ಹತ್ತಿಯ ಗುಟ್ಟು ಅವರಿಗೆ ಗೊತ್ತಿತ್ತು. ನನ್ನ ಮಾನ ಉಳಿಸಲು, ಅಣ್ಣನ ಜಾಗ ಉಳಿಸಲು, ಅವನ ಕೆಮ್ಮಿಗಿಂತ ತಮ್ಮದು ಒಂದು ಕೂದಲೆಳೆ ಕಡಿಮೆ ಇರುವಂತೆ ನೋಡಿಕೊಂಡಿದ್ದರು. ಅದಕ್ಕೇ ಕಸ್ತೂರಿಗೆ ಹೊಳೆ ಅಗಲವಾದದ್ದು. ಆದರೆ ನೆಗಡಿಯ ಕೆಮ್ಮು ಯಾರ ಮಾತೂ ಕೇಳುವುದಿಲ್ಲ. ಈಗ ಹಾಲಿನಲ್ಲಿ ಎಲ್ಲಕ್ಕಿಂತ ಗಟ್ಟಿ ಕೆಮ್ಮು ಒಡ್ಡಿನದು.

ಅಣ್ಣ ಬಾಗಿ ಬಾಗಿ ಕೆಮ್ಮಿದ. ಗಾಳಿ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅಷ್ಟರಲ್ಲಿ ಬಲಗಡೆಯ ಕೆಮ್ಮು ನಿಂತಿತು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ ಎಂದು ಪಾರವ್ವ ಆಮೇಲೆ ಹೇಳಿದಳು. ಹುಟ್ಟಿನ ಸದ್ದು ಅವಳ ಕಾಲ ಕೆಳಗೇ ಕೇಳಿತ್ತಂತೆ. ದಡದ ಮೇಲೆ ಯಾವ ಸದ್ದೂ ಇರಲಿಲ್ಲ. ಮೋದಿನಸಾಬನೂ ಅರ್ಧಕ್ಕೆ ತಡೆದ, ಯಾಕೆಂದರೆ ಈಗ ಅವನು ಕೆಮ್ಮಿದರೆ ದೋಣಿ ಬಂಡೆಗಳಿಗೆ ಹೋಗುತ್ತದೆ. ಹಾಲಿನೊಳಗೆ ಎಲ್ಲೋ ಕಸ್ತೂರಿ ಹುಟ್ಟು ಎತ್ತಿ ಹಿಡಿದು, ಮುಂದಿನ ಕೆಮ್ಮಿಗಾಗಿ ಕಾಯುತ್ತಿದ್ದಳು, ನೀರು ಅವಳನ್ನು ಒಡ್ಡಿನತ್ತ ಎಳೆಯುತ್ತಿತ್ತು. ಕಟ್ಟೆಯ ಮುದುಕರು ದಿಣ್ಣೆ ಇಳಿದು ಬರುವಷ್ಟು ಹೊತ್ತು ಇರಲಿಲ್ಲ. ನಾನೇ ಕೆಮ್ಮೋಣವೆಂದರೆ ನನಗೆ ಅರವತ್ತು ತುಂಬಲು ಇನ್ನೂ ಮೂರು ವಾರ ಬೇಕಿತ್ತು.

ಒಂದೇ ದಾರಿಯಿತ್ತು. ಮನೆಯಲ್ಲಿ ಅಜ್ಜಿಗೆ ಕಫ ಕಟ್ಟಿದಾಗ ಅವ್ವ ಹಿಂದಿನಿಂದ ತಬ್ಬಿ, ಪಕ್ಕೆಲುಬಿನ ಕೆಳಗೆ ಎರಡೂ ಕೈಯಿಟ್ಟು, ಅಜ್ಜಿ ಕೆಮ್ಮುವ ಹೊತ್ತಿಗೆ ಸರಿಯಾಗಿ ಒಳಗೆ ಮೇಲಕ್ಕೆ ಒತ್ತುತ್ತಿದ್ದಳು. ಮನೆಯೊಳಗೆ ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮೆಟ್ಟಿಲ ಮೇಲೆ ಅದನ್ನು ಎರವಲು ಕೆಮ್ಮು ಎನ್ನುತ್ತಾರೆ. ಒಮ್ಮೆ ಎರವಲು ಕೆಮ್ಮಿದವರು ಮತ್ತೆಂದೂ ಮೆಟ್ಟಿಲ ಮೇಲೆ ಕೂರುವಂತಿಲ್ಲ; ಇನ್ನೊಬ್ಬರ ಕೈಯನ್ನು ನಂಬಿ ದೋಣಿ ನೀರಿಗಿಳಿಯಬಾರದು ಎಂದು.

ನಾನು ಕಷಾಯದ ಲೋಟ ಕೆಳಗಿಟ್ಟು ಅಣ್ಣನ ಹಿಂದೆ ಕೂತೆ. “ಅಣ್ಣಾ, ನಿಂದು ಐದು. ಭಾಳ ಅಂದ್ರ ಆರು. ಏಳು ಎಂದೂ ಆಗಿಲ್ಲ. ಹತ್ತಿ ನಾ ಒಣಗಿಸಿದ್ದೆ.”

ಅವನು ತಿರುಗಿ ನೋಡಲಿಲ್ಲ. “ನಂಗ ಗೊತ್ತಿತ್ತು, ಶಾವಂತ್ರಿ,” ಅಂದ. “ಹತ್ತಿ ಬಿಸಿಲಿನ ವಾಸನಿ ಹೊಡೀತಿತ್ತು.”

ಆಮೇಲೆ ಎರಡೂ ತೋಳುಗಳನ್ನು ಪಕ್ಕಕ್ಕೆ ಎತ್ತಿ, ನನ್ನ ಕೈಗೆ ಜಾಗ ಮಾಡಿಕೊಟ್ಟು, “ಒತ್ತು,” ಅಂದ.

ನಾನು ತಬ್ಬಿಕೊಂಡೆ. ಚಿಕ್ಕವಳಿದ್ದಾಗ ಇದೇ ಬೆನ್ನ ಮೇಲೆ ಉಪ್ಪಿನ ಮೂಟೆಯಾಗಿ ಕೂತು ಹೊಳೆ ನೋಡಿದ್ದೆ. ಆಗ ನನ್ನ ಕೈ ಅವನ ಹೊಟ್ಟೆಯನ್ನು ಸುತ್ತುತ್ತಿರಲಿಲ್ಲ, ಈಗ ಸುತ್ತಿ ಇನ್ನೂ ಉಳಿಯಿತು. ಒಂದು ಗುಟುಕು ಅಂದೆ. ಎರಡು. ಮೂರು. ಅವನ ಎದೆ ನನ್ನ ತೋಳಿನೊಳಗೆ ತುಂಬಿತು. ಅವನು ಕೆಮ್ಮಿದ, ನಾನು ಒತ್ತಿದೆ. ಮೊದಲನೆಯದು ನಾನು ತಡ ಮಾಡಿದ್ದರಿಂದ ನೀರಿಗೆ ಬಿತ್ತು. ಎರಡನೆಯದು ಹೋಯಿತು. ಹಾಲು ಸೀಳಿಕೊಂಡು ಹೋದದ್ದನ್ನು ಕಣ್ಣಾರೆ ಕಂಡೆ ಎಂದರೆ ನೀವು ನಂಬಬೇಕಿಲ್ಲ. ಬಿಳುಪಿನಲ್ಲಿ ಒಂದು ಬೈತಲೆ ಬಿದ್ದು, ನಿಧಾನವಾಗಿ ಮತ್ತೆ ಕೂಡಿಕೊಂಡಿತು. ಮೂರು ಗುಟುಕು, ಒಂದು ಕೆಮ್ಮು. ಮೂರು ಗುಟುಕು, ಒಂದು ಕೆಮ್ಮು. ನಡುನಡುವೆ ಅಣ್ಣ ಹಣೆಯನ್ನು ಮೊಣಕಾಲಿಗೆ ಊರಿ ಸುಧಾರಿಸಿಕೊಳ್ಳುತ್ತಿದ್ದ, ಸಾಕೇ ಎಂದು ಕೇಳಿದರೆ ತಲೆಯಲ್ಲಾಡಿಸಿ ಮತ್ತೆ ತೋಳೆತ್ತುತ್ತಿದ್ದ. ನಾನು ಅಳುತ್ತಿದ್ದೆ. ಆದರೆ ಒತ್ತುವ ಹೊತ್ತು ಮತ್ತೆ ತಪ್ಪಿಸಲಿಲ್ಲ.

ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನನ್ನ ಕಣ್ಣು ಮುಚ್ಚಿತ್ತು. ಯಾರೋ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ತಣ್ಣಗಿನ, ಹುಟ್ಟು ಹಿಡಿದು ಒರಟಾದ ಕೈ.

“ಅತ್ತಿ, ಕೈ ಬಿಡು,” ಅಂದಳು ಕಸ್ತೂರಿ. “ನಾ ಬಂದೇನಿ.”

ಹನ್ನೊಂದು ಹೆಂಗಸರೂ ಹತ್ತಿಯ ಗಂಟುಗಳನ್ನು ತಲೆಯ ಮೇಲಿಟ್ಟುಕೊಂಡೇ ನಿಂತಿದ್ದರು. ಎಲ್ಲರೂ ನೋಡಿದ್ದರು. ಪಾರವ್ವ ಒಡ್ಡಿನ ಕಡೆಯಿಂದ ಗೋಡೆ ಹಿಡಿದುಕೊಂಡು ಬಂದಳು, ಸೆರಗು ಇನ್ನೂ ಅವಳ ಮುಷ್ಟಿಯಲ್ಲಿತ್ತು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಚೆನ್ನಾಗಿತ್ತು.

“ನೀ ಹತ್ತಿ ಒಣಗಿಸಿದಿ, ನಾ ಕೆಮ್ಮು ತಗ್ಗಿಸಿದೆ,” ಅಂದಳು. “ಇಬ್ಬರೂ ಕೂಡಿ ಅಂದಾನಪ್ಪಗ ಒಳ್ಳೇದು ಮಾಡ್ಲಿಕ್ಕೆ ಹೋಗಿ ಅವನ ಮಗಳನ್ನ ಮುಳುಗಸ್ತಿದ್ವಿ.”

ಅಂದೇ ಸಂಜೆ ಹಲಗೆಯನ್ನು ಒಯ್ದು ಅವಳ ಮನೆಯ ಜಗಲಿಗೆ ಒರಗಿಸಿ ಬಂದೆ. ಯಾರೂ ಕೊಡು ಎಂದು ಕೇಳಿರಲಿಲ್ಲ, ಇಟ್ಟುಕೋ ಎಂದೂ ಹೇಳಲಿಲ್ಲ. ಅಣ್ಣ ಮರುದಿನ ಕಟ್ಟೆಗೆ ಹೋದ. ಉಳಿದವರೆಲ್ಲ ಹೊಳೆಗೆ ಬೆನ್ನು ಮಾಡಿ ಕೂತಿದ್ದರು. ಅವನು ಅವರ ನಡುವೆ ಹೊಳೆಗೆ ಮುಖ ಮಾಡಿ ಕೂತ. ಸ್ವಲ್ಪ ದಿನ ಅದು ಎಲ್ಲರಿಗೂ ಇರುಸುಮುರುಸಾಯಿತು. ಚಹಾ ಲೋಟ ಕೊಡುವಾಗ ಯಾರ ಕೈ ಯಾರ ಬೆನ್ನಿಗೆ ತಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ಮೂರು ಗುಟುಕಿನ ಪಾಠವನ್ನು ಅಣ್ಣ ಅಲ್ಲಿಯೇ ಶುರು ಮಾಡಿದ, ಪಪ್ಪಾಯಿಯ ದಂಟನ್ನೂ ಒಯ್ದ. ಈಗ ಕಟ್ಟೆಯ ಮೇಲೆ ಬೆಳಿಗ್ಗೆ ಏಳು ತಂಬಿಗೆ ಒಟ್ಟಿಗೆ ಗುಳುಗುಳು ಅನ್ನುತ್ತವೆ.

ಮುಂದಿನ ಅಮಾವಾಸ್ಯೆಗೆ ಎರಡು ದಿನ ಮೊದಲು ನನಗೆ ಅರವತ್ತು ತುಂಬಿತು. ನಡುವಿನ ಮೆಟ್ಟಿಲು ಆ ಒಂದು ತಿಂಗಳು ಮೋದಿನಸಾಬನದಾಗಿತ್ತು, ಬಂಡೆಯ ಮೇಲೆ ಅವನ ಹೆಂಡತಿ ಕೂರುತ್ತಿದ್ದಳು. ಅವಳಿಗೆ ಮೊಣಕಾಲು ನೋವು. ನಾನು ಎಲ್ಲರಂತೆ ಸಾಲಿನಲ್ಲಿ ನಿಂತೆ. ಇಪ್ಪತ್ತೆರಡು ವರ್ಷ ಬೇರೆಯವರ ಕೆಮ್ಮು ಅಳೆದವಳು, ನನ್ನದನ್ನು ಒಮ್ಮೆಯೂ ಹಲಗೆಗೆ ಒಡ್ಡಿರಲಿಲ್ಲ. ಪಾರವ್ವ ನನ್ನ ಮುಂದೆ ಹತ್ತಿಯನ್ನು ಹೊಳೆಯ ನೀರಿನಲ್ಲಿ ಅದ್ದಿ, ಹಿಂಡಿ, ಬೇಕಾದದ್ದಕ್ಕಿಂತ ಒಂದು ಹನಿ ಹೆಚ್ಚಿಗೇ ಉಳಿಸಿ ಹಲಗೆಯ ಮೇಲಿಟ್ಟಳು. ನನಗೆ ಅದು ಸರಿಯೆನಿಸಿತು. ಮೂರು ಗುಟುಕು ಕುಡಿದೆ, ಕೆಮ್ಮಿದೆ. ಹತ್ತಿ ಎದ್ದು, ಬಿದ್ದು, ತೆವಳಿ, ಏಳನೆಯ ಗೆರೆಯನ್ನು ಒಂದು ಉಗುರಿನಷ್ಟು ದಾಟಿ ನಿಂತಿತು. ಅಂದು ಎಂಟು ಒಂಬತ್ತು ದಾಟಿಸಿದವರೂ ಸಾಲಿನಲ್ಲಿದ್ದರು. ಬಂಡೆಯ ಮೇಲಿನ ಜಾಗ ಸಾಕು ನನಗೆ, ಮೋದಿನಸಾಬನ ಹೆಂಡತಿಯ ಮೊಣಕಾಲಿಗೂ ಆರಾಮ ಸಿಗಲಿ ಅಂದೆ. ಪಾರವ್ವ ನಕ್ಕಳು, ತಿಂಗಳ ಮೇಲೆ ಮೊದಲ ಸಲ.

ಹತ್ತಿಯನ್ನು ಸೆರಗಿನಲ್ಲಿ ಹಿಡಿದು ಕಟ್ಟೆಗೆ ಹೋದೆ. ಅಣ್ಣ ಹೊಳೆ ನೋಡುತ್ತ ಕೂತಿದ್ದ. ಏಳು ಅಂದೆ. ಅವನು ನಂಬದವನ ಹಾಗೆ ಕೈ ಚಾಚಿದ. ಕೊಟ್ಟೆ. ಚಿಟಿಕೆ ಹತ್ತಿಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಒಂದು ಗುಟುಕು ಎಳೆದ. ಅದರ ಮೇಲೆ ಇನ್ನೊಂದು. ಅದರ ಮೇಲೆ ಮೂರನೆಯದು. ನಾನು ಉಸಿರು ಹಿಡಿದು ನಿಂತಿದ್ದೆ.

“ಹೊಳಿ ವಾಸನಿ ಐತಿ,” ಅಂದ ಅಣ್ಣ, ಮತ್ತು ಅದನ್ನು ಜೋಪಾನವಾಗಿ ತನ್ನ ಕಿವಿಯ ಸಂದಿನಲ್ಲಿ ಇಟ್ಟುಕೊಂಡ.